ವೊಲ್ಮರೀನ್ ಹೆಸರಿನ ಒಡೆಯರಿಗೆ, ಆ ಹೆಸರಿನವನ ಹೆಂಡತಿಯಿಂದ

ಟ್ರೇಡ್‌ಮಾರ್ಕ್ ರಕ್ಷಣಾ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,
ವೊಲ್ಮರೀನ್ ದೋಣಿ ಮೋಟಾರ್ ಕಂಪನಿ.

ಮಾನ್ಯರೇ,

ಮಿಚೆಸ್ ಕಡಲತೀರದ ಸಮಸ್ತ ಮೀನುಗಾರರ, ಅವರ ದೋಣಿಗಳ, ಆ ದೋಣಿಗಳ ಹಿಂಬದಿಗೆ ಕಚ್ಚಿಕೊಂಡಿರುವ ತಮ್ಮ ಮೋಟಾರುಗಳ ಮತ್ತು ಮದುವೆಯ ಉಗುರುಬಣ್ಣ ಇನ್ನೂ ಮಾಸದಿರುವ ಈ ಹೊಸ ಸೊಸೆಯ ಪರವಾಗಿ ತಮಗೆ ತುಂಬುಹೃದಯದ ನಮಸ್ಕಾರಗಳು. ತಮ್ಮ ಕಾಗದದ ಮೇಲಿದ್ದ ವಿಳಾಸವನ್ನು ಭೂಪಟದಲ್ಲಿ ಹುಡುಕಿ, ತಮ್ಮ ಊರಿನಲ್ಲಿ ಸಮುದ್ರವೇ ಇಲ್ಲವೆಂದೂ ವರ್ಷದ ಬಹುಪಾಲು ಹಿಮ ಬೀಳುತ್ತದೆಂದೂ ತಿಳಿದುಕೊಂಡೆವು. ಸಮುದ್ರವಿಲ್ಲದ ಊರಿನಲ್ಲಿ ಕುಳಿತು ಸಮುದ್ರದ ಮೋಟಾರು ಮಾಡುವ ಮತ್ತು ಕಣ್ಣಿಂದ ನೋಡದ ನನ್ನ ಗಂಡನ ಮೇಲೆ ಇಷ್ಟೊಂದು ಕಾಳಜಿ ತೋರಿಸುವ ತಮ್ಮ ಕಲ್ಪನಾಶಕ್ತಿಗೆ ನಾನು ಮಾರುಹೋಗಿದ್ದೇನೆ.

ನನ್ನ ಹೆಸರು ಮಾಸ್ಸಿಯೆಲ್. ನಮ್ಮ ರಾಜಧಾನಿ ಸಾಂತೋ ದೊಮಿಂಗೋದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದಿದವಳು. ಆದ್ದರಿಂದಲೇ ತಮ್ಮ ನೋಟಿಸನ್ನು ತಮ್ಮದೇ ಭಾಷೆಯಲ್ಲಿ ಸವಿಯುವ ಭಾಗ್ಯ ಇಡೀ ಮಿಚೆಸ್‌ನಲ್ಲಿ ನನಗೊಬ್ಬಳಿಗೇ ದಕ್ಕಿತು. ಕಳೆದ ತಿಂಗಳು ನಾನು ಇಲ್ಲಿನ ದೋಣಿ ಮೋಟಾರು ಮೆಕ್ಯಾನಿಕ್ ಒಬ್ಬನನ್ನು ಮದುವೆಯಾದೆ. ಅವನ ಭುಜ, ಅವನ ನಗು, ಗ್ರೀಸು ಮೆತ್ತಿದ ಕೈ ತಾಗೀತೆಂದು ಎರಡೂ ಕೈ ಮೇಲಕ್ಕೆತ್ತಿ ಬರೀ ಮೊಣಕೈಗಳಲ್ಲೇ ನನ್ನನ್ನು ತಬ್ಬಿಕೊಳ್ಳುವ ಅವನ ರೀತಿ, ಇವನ್ನೆಲ್ಲ ಬರೆಯುತ್ತ ಹೋದರೆ ಈ ಪತ್ರ ತಮ್ಮ ಮೇಜಿನ ಮೇಲೆ ಹಿಡಿಸಲಾರದು. ತಮಗೆ ಸಂಬಂಧಪಟ್ಟದ್ದು ಅವನ ಹೆಸರು ಮಾತ್ರ. ಅವನ ಹೆಸರು ವೊಲ್ಮರೀನ್. ಸರ್ಕಾರಿ ದಾಖಲೆಯ ಪ್ರಕಾರ ವೊಲ್ಮರೀನ್ ಕ್ವಾರೆಂತಾ ಮೊರ್ಲಾ. ಕ್ವಾರೆಂತಾ ಎಂದರೆ ನಮ್ಮಲ್ಲಿ ನಲವತ್ತು.

ಮದುವೆಯ ಆಮಂತ್ರಣದಲ್ಲಿ ಕಂಡ ಈ ನಲವತ್ತು ಎಲ್ಲಿಂದ ಬಂತೆಂದು ತಾವು ನೋಟಿಸಿನಲ್ಲಿ ಸಿಟ್ಟಿನಿಂದ ಕೇಳಿರುವುದರಿಂದ ವಿನಯಪೂರ್ವಕವಾಗಿ ತಿಳಿಸುತ್ತೇನೆ. ನನ್ನ ಅತ್ತೆ ದೊನ್ಯಾ ಸುನಿಲ್ದಾ ಅವರಿಗೆ ಹೆರಿಗೆ ನೋವು ಬಂದ ಬೆಳಿಗ್ಗೆ ನದಿ ಉಕ್ಕಿ ರಸ್ತೆಯ ಸೇತುವೆಯನ್ನು ಕೊಚ್ಚಿಕೊಂಡು ಹೋಗಿತ್ತು. ಮಗು ಅಡ್ಡ ಇದೆ, ನನ್ನ ಕೈಲಾಗುವುದಿಲ್ಲ ಎಂದು ಸೂಲಗಿತ್ತಿ ಹೇಳಿದಾಗ ನನ್ನ ಮಾವ ದೊನ್ ಎಲಿಹಿಯೋ ಹೆಂಡತಿಯನ್ನು ದೋಣಿಯಲ್ಲಿ ಮಲಗಿಸಿಕೊಂಡು, ಕೊಲ್ಲಿಯ ಆಚೆ ದಡದಲ್ಲಿರುವ ಸಮಾನಾ ಆಸ್ಪತ್ರೆಗೆ ಹೊರಟರು. ಗಾಳಿ ಎದುರಿಗಿತ್ತು, ಅಲೆಗಳು ದೋಣಿಗಿಂತ ಎತ್ತರಕ್ಕೆ ಏಳುತ್ತಿದ್ದವು. ಮಾವ ಚುಕ್ಕಾಣಿ ಹಿಡಿದುಕೊಂಡೇ ನಮ್ಮ ಆಲ್ತಾಗ್ರಾಸಿಯಾ ಮೇರಿಮಾತೆಗೆ ಹರಕೆ ಹೊತ್ತರು: "ತಾಯೀ, ಈ ದೋಣಿ ಒಂದು ದಡ ಮುಟ್ಲಿ. ಮಗೂಗೆ ನೀನು ಯಾವ ಹೆಸರು ತೋರಿಸ್ತೀಯೋ ಅದನ್ನೇ ಇಡ್ತೀನಿ." ದೋಣಿ ದಡ ಮುಟ್ಟಿತು. ತಾಯಿಯೂ ಮಗುವೂ ಉಳಿದರು. ಮಾತೆ ತೋರಿಸಿದ ಹೆಸರು ಯಾವುದೆಂದು ಮಾವ ಕಣ್ಣೆತ್ತಿ ನೋಡಿದರೆ, ಎದುರಿಗೆ ಉಪ್ಪುನೀರು ಸುರಿಸುತ್ತ, ಏದುಸಿರು ಬಿಡುತ್ತ, ತಮ್ಮ ಕಂಪನಿಯ ಮೋಟಾರು ನಿಂತಿತ್ತು.

ಮಾವನಿಗೆ ಓದುಬರಹ ಅಷ್ಟಕ್ಕಷ್ಟೆ. ಹೆಸರಿನಲ್ಲಿ ಒಂದಕ್ಷರವೂ ಹೆಚ್ಚುಕಡಿಮೆಯಾಗಬಾರದೆಂದು ಮೋಟಾರಿನ ಮೇಲುಮುಚ್ಚಳವನ್ನೇ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಜನನ ನೋಂದಣಿ ಕಚೇರಿಗೆ ಹೋದರು. ಅಲ್ಲಿದ್ದ ಗುಮಾಸ್ತ ಬಹಳ ಪ್ರಾಮಾಣಿಕ. ಮುಚ್ಚಳದ ಮೇಲಿದ್ದದ್ದನ್ನೆಲ್ಲ ಇದ್ದ ಹಾಗೆಯೇ ನಕಲು ಮಾಡಿದ. ಅಶ್ವಶಕ್ತಿಯನ್ನೂ ಬಿಡಲಿಲ್ಲ.

ಇದರಲ್ಲಿ ತಮಗೆ ವಿಚಿತ್ರವೇನಾದರೂ ಕಂಡರೆ ದಯವಿಟ್ಟು ಕ್ಷಮಿಸಬೇಕು, ನಮಗೆ ಕಾಣುವುದಿಲ್ಲ. ನಮ್ಮ ಬೀದಿಯಲ್ಲೇ ಒಂದು ಹೊಲಿಗೆ ಯಂತ್ರ ಶಾಲೆಯ ಮೇಡಂ ಆಗಿದೆ, ಒಂದು ಕೆಮ್ಮಿನ ಔಷಧಿ ಹೋದ ಚುನಾವಣೆಯಲ್ಲಿ ನಿಂತು ಸೋತಿದೆ. ಉಪಕಾರ ಮಾಡಿದವರ ಹೆಸರನ್ನು ಮಕ್ಕಳಿಗಿಡುವುದು ನಮ್ಮ ಪದ್ಧತಿ, ಆ ಉಪಕಾರಿ ಕಾರ್ಖಾನೆಯಲ್ಲಿ ತಯಾರಾದದ್ದೆಂದು ನಾವು ಭೇದ ಮಾಡುವುದಿಲ್ಲ.

ಮುಂದಿನದಕ್ಕೆಲ್ಲ ಕಾರಣ ನನ್ನ ಮಾವನ ಸೌಜನ್ಯ. ಮದುವೆಯ ಆಮಂತ್ರಣಗಳನ್ನು ಹಂಚುವಾಗ ಅವರು ಒಂದನ್ನು ಎತ್ತಿಟ್ಟುಕೊಂಡು, "ಹೆಸರಿನ ಕಡೆಯವ್ರನ್ನ ಕರೀದೇ ಮದ್ವೆ ಮಾಡಿದ್ರೆ ಊರೋರು ಏನಂದ್ಕೋತಾರೆ? ಇದನ್ನ ಕಂಪನಿಗೆ ಕಳಿಸು ಮಗಳೇ" ಎಂದರು. ಜೊತೆಗೆ ವರ್ಕ್‌ಶಾಪಿನ ಮುಂದೆ ಅಪ್ಪ ಮಗ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತ ಫೋಟೋ ಒಂದನ್ನೂ ಇಡಿಸಿದರು. ಅವರ ತಲೆಯ ಮೇಲೆ, ತಮ್ಮ ಮೋಟಾರಿನದೇ ನೀಲಿ ಬಣ್ಣದಲ್ಲಿ, ತಮ್ಮದೇ ಅಕ್ಷರಗಳ ಓರೆಯಲ್ಲಿ, ನನ್ನ ಗಂಡ ಸ್ವತಃ ಬರೆದ ಬೋರ್ಡು: 'ವೊಲ್ಮರೀನ್ ಮೋಟಾರ್ ರಿಪೇರಿ'. ಹೀಗೆ ಅಪರಾಧಿ ತನ್ನ ಅಪರಾಧದ ಭಾವಚಿತ್ರವನ್ನು ಅಂಚೆವೆಚ್ಚ ಕೊಟ್ಟು, ಊಟಕ್ಕೆ ಬರಬೇಕೆಂಬ ವಿನಂತಿಯೊಂದಿಗೆ ಕಳಿಸಿಕೊಟ್ಟ ಪ್ರಕರಣ ತಮ್ಮ ವಿಭಾಗದ ಇತಿಹಾಸದಲ್ಲಿ ಇನ್ನೊಂದಿದ್ದರೆ ದಯವಿಟ್ಟು ತಿಳಿಸಿ, ಅವರನ್ನೂ ನಾವು ನಮ್ಮ ಬಂಧುಗಳೆಂದೇ ಭಾವಿಸುತ್ತೇವೆ.

ತಮ್ಮ ಉತ್ತರ ಮದುವೆಯ ದಿನವೇ ಬಂತು. ಹಿತ್ತಲಿನಲ್ಲಿ ಅಕಾರ್ಡಿಯನ್ ನುಡಿಸುವವರು ಬಂದು ಕುಳಿತಿದ್ದರು, ಕೇಕು ಇನ್ನೂ ಕತ್ತರಿಸಿರಲಿಲ್ಲ. ಆ ಲಕೋಟೆಯ ದಪ್ಪವೇನು, ಉಬ್ಬುಮುದ್ರೆಯ ಆ ಅಂದವೇನು! ನಮ್ಮ ಬಿಷಪ್ಪರಿಗೂ ಅಂಥ ಕಾಗದ ಬರುವುದಿಲ್ಲ. ಮಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಸಂಗೀತ ನಿಲ್ಸಿ! ಕಂಪನಿಯಿಂದ ಆಶೀರ್ವಾದ ಬಂದಿದೆ! ಓದು ಮಗಳೇ, ಜೋರಾಗಿ ಓದು" ಎಂದು ನನ್ನನ್ನು ಕುರ್ಚಿಯ ಮೇಲೆ ಹತ್ತಿಸಿ ನಿಲ್ಲಿಸಿದರು. ನಾನು ಒಂದೊಂದೇ ವಾಕ್ಯ ಓದಿ ನಮ್ಮ ಭಾಷೆಯಲ್ಲಿ ಹೇಳುತ್ತ ಹೋದೆ. ವೊಲ್ಮರೀನ್ ಹೆಸರಿನ ಬಗ್ಗೆ ತಾವು ತೋರಿಸಿರುವ ಅಭಿಮಾನ ನಮ್ಮನ್ನು ಮುಟ್ಟಿದೆ, ಎಂದು ತಾವು ಬರೆದಿದ್ದಿರಿ. ಈ ಹೆಸರು ನಮ್ಮ ಅತ್ಯಮೂಲ್ಯ ಆಸ್ತಿ, ಎಂದು ಬರೆದಿದ್ದಿರಿ. ಜಗತ್ತಿನ ಯಾವ ಮೂಲೆಯಲ್ಲೇ ಆಗಲಿ ಈ ಹೆಸರಿನ ಗೌರವವನ್ನು ಕಾಪಾಡಲು ನಾವು ಸದಾ ಎಚ್ಚರವಾಗಿರುತ್ತೇವೆ, ಎಂದು ಬರೆದಿದ್ದಿರಿ.

ಮಾನ್ಯರೇ, ಅತ್ತೆ ಗೊಳೋ ಎಂದು ಅತ್ತುಬಿಟ್ಟರು. ಮಾವ ಅವರ ಭುಜ ಅಲುಗಿಸುತ್ತ, "ಕೇಳಿದ್ಯೇನೇ? ನಮ್ಮ ಹುಡುಗ ಅವ್ರಿಗೆ ಅಮೂಲ್ಯ ಆಸ್ತಿಯಂತೆ! ಅವ್ನು ಹೈಸ್ಕೂಲಲ್ಲಿ ಫೇಲಾದಾಗ ನೀನು ಏನಂದಿದ್ದೆ, ಜ್ಞಾಪಿಸ್ಕೋ!" ಎಂದರು. ಮೀನು ಮಾರುವ ನಮ್ಮ ಪಕ್ಕದ ಮನೆಯ ನೆರೆಯ್ದಾ, "ನಾನೂ ಸಾಲಾಗಿ ಹೆತ್ತೆ. ಎಲ್ಲರಿಗೂ ಸಂತರ ಹೆಸರೇ ಇಟ್ಟೆ. ಇವತ್ತಿನವರೆಗೂ ಒಬ್ಬ ಸಂತನಾದ್ರೂ ಒಂದು ಚೀಟಿ ಬರೆದಿದ್ದಾನಾ? ಆವಾಗ್ಲೇ ಫ್ರಿಜ್ ಹೆಸರಿಡಬೇಕಿತ್ತು" ಎಂದು ಹಣೆ ಚಚ್ಚಿಕೊಂಡಳು. ಜನ ಚಪ್ಪಾಳೆ ತಟ್ಟಿದರು, ಅಕಾರ್ಡಿಯನ್ ಮೊಳಗಿತು, ಯಾರೋ ನನ್ನನ್ನು ಕುರ್ಚಿಯಿಂದ ಎತ್ತಿಕೊಂಡು ಕುಣಿಸಿಯೇಬಿಟ್ಟರು. ಮೂರನೆಯ ಪ್ಯಾರಾವನ್ನು ಓದಲು ಯಾರೂ ಬಿಡಲಿಲ್ಲ. ಅದು 'ಆದರೆ' ಎಂದು ಶುರುವಾಗುತ್ತಿತ್ತು.

ಆ 'ಆದರೆ'ಯನ್ನು ಮಾರನೆಯ ಬೆಳಿಗ್ಗೆ ನಾನೂ ನನ್ನ ಗಂಡನೂ ತಿಂಡಿ ತಿನ್ನುತ್ತ ಓದಿದೆವು. ತಮ್ಮ ಟ್ರೇಡ್‌ಮಾರ್ಕನ್ನು ಮೋಟಾರು ವ್ಯವಹಾರದಲ್ಲಿ ಅಕ್ರಮವಾಗಿ ಬಳಸಿರುವುದರಿಂದ ಒಂದು ತಿಂಗಳೊಳಗೆ ಬೋರ್ಡನ್ನು ಇಳಿಸಬೇಕು, ಆ ಹೆಸರಿರುವ ಸಕಲ ವಸ್ತುಗಳನ್ನು ನಾಶಮಾಡಬೇಕು, ಇಲ್ಲವಾದರೆ ವರ್ಕ್‌ಶಾಪು ಮುಚ್ಚಿಸಲು ಕೋರ್ಟಿಗೆ ಹೋಗಬೇಕಾದೀತು ಎಂದು ತಾವು ಅದೇ ಚೆಂದದ ಕಾಗದದಲ್ಲಿ ತಿಳಿಸಿದ್ದಿರಿ. ನನ್ನ ಗಂಡ ತಿನ್ನುವುದನ್ನು ನಿಲ್ಲಿಸಿ ಅಂಗಿಯ ಜೇಬಿನ ಮೇಲೆ ಕಸೂತಿ ಹಾಕಿದ್ದ ತನ್ನ ಹೆಸರನ್ನು ನೋಡಿಕೊಂಡ. "ಸಕಲ ವಸ್ತು ಅಂದ್ರೆ ನಾನೂ ಸೇರ್ತೀನಾ?" ಎಂದ. ನಾನು ಕಾಗದದ ಹಿಂದುಮುಂದು ತಿರುಗಿಸಿ ಹುಡುಕಿದೆ. ತಾವು ಸ್ಪಷ್ಟಪಡಿಸಿರಲಿಲ್ಲ.

ಮಾವನಿಗೆ ವಿಷಯ ಹೇಳಿದಾಗ ಅವರು ತುಸುವೂ ವಿಚಲಿತರಾಗಲಿಲ್ಲ. "ಮೊದಲಿನ ಎರಡು ಪ್ಯಾರಾ ಬರ್ದೋನು ಮನೆತನಸ್ಥ. ಮೂರನೇದು ಅವ್ನು ಕಾಫಿಗೆ ಎದ್ದುಹೋದಾಗ ಯಾರೋ ವಕೀಲ ಬಂದು ಬರೆದಿದ್ದಾನೆ, ಬಿಡು" ಎಂದರು. ಅಷ್ಟು ಹೊತ್ತಿಗಾಗಲೇ ಅವರು ನೋಟಿಸಿನ ಮೊದಲ ಪುಟವನ್ನು ಕಟ್ಟು ಹಾಕಿಸುವ ಅಂಗಡಿಗೆ ಹೊತ್ತೊಯ್ಯಲು ಸಿದ್ಧರಾಗಿದ್ದರು. ಈಗ ಅದು ಚಿನ್ನದ ಬಣ್ಣದ ಚೌಕಟ್ಟಿನೊಳಗೆ ವರ್ಕ್‌ಶಾಪಿನ ಗೋಡೆಯ ಮೇಲೆ, ಮಾತೆಯ ಪಟದ ಪಕ್ಕದಲ್ಲೇ ಇದೆ. ಮೂರನೆಯ ಪ್ಯಾರಾದ ಮೇಲೆ ದಪ್ಪ ಕಾಗದದ ಅಂಚು ಅಚ್ಚುಕಟ್ಟಾಗಿ ಕುಳಿತಿದೆ. ಬೋರ್ಡು ಇಳಿಸಬೇಕೆಂಬ ತಮ್ಮ ಆಜ್ಞೆ ಅದೇ ಬೋರ್ಡಿನ ನೆರಳಿನಲ್ಲಿ ಗಾಜಿನ ಹಿಂದೆ ಸುಖವಾಗಿದೆ, ಪ್ಲಾಸ್ಟಿಕ್ ಗುಲಾಬಿಗಳನ್ನೂ ಮುಡಿದುಕೊಂಡಿದೆ.

ಆದರೆ ನನ್ನ ಗಂಡನಿಗೆ ಅಪ್ಪನಷ್ಟು ಧೈರ್ಯವಿರಲಿಲ್ಲ. ವರ್ಕ್‌ಶಾಪು ಹೋದರೆ ಮನೆಯ ಒಲೆ ಹೇಗೆ ಉರಿದೀತೆಂದು ಯೋಚಿಸಿ ಒಂದು ಮಧ್ಯಾಹ್ನ ಬಿಳಿ ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದ. ಮಾವ ಬಂದು ಏಣಿಯ ಬುಡದಲ್ಲಿ ನಿಂತರು. "ಇಳಿ ಕೆಳಗೆ. ಆ ಹೆಸರು ನಿಂದೂ ಅಲ್ಲ ನಂದೂ ಅಲ್ಲ, ಹರಕೆಯದ್ದು. ಅದಕ್ಕೆ ಸುಣ್ಣ ಬಳಿದ್ಮೇಲೆ ನಾನು ಯಾವ ಮುಖ ಇಟ್ಕೊಂಡು ದೋಣಿ ಹತ್ತಲಿ?" ಎಂದರು. ನಗುತ್ತ ಹೇಳಲಿಲ್ಲ, ಮಾನ್ಯರೇ. ಅವರು ನಗದೆ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಗಂಡ ಅತ್ತ ಬಳಿಯಲೂ ಆಗದೆ ಇತ್ತ ಇಳಿಯಲೂ ಆಗದೆ ಏಣಿಯ ನಡುವೆ ಬಹಳ ಹೊತ್ತು ನಿಂತಿದ್ದ. ಬಣ್ಣವೆಲ್ಲ ತೊಟ್ಟಿಕ್ಕಿ ಅವನ ಚಪ್ಪಲಿಗೆ ಬಿತ್ತು.

ಆ ಚಪ್ಪಲಿಗಳನ್ನು ತೊಳೆಯುತ್ತ ನಾನು ನಿರ್ಧರಿಸಿದೆ: ಬೋರ್ಡಿನ ವಿಷಯ ಏನೇ ಆಗಲಿ, ತಮ್ಮ ಉಳಿದ ಆಜ್ಞೆಗಳನ್ನಾದರೂ ಆದರ್ಶ ಗೃಹಿಣಿಯಂತೆ ಪಾಲಿಸುತ್ತೇನೆ. ನೋಟಿಸಿನ ಜೊತೆ ತಾವು ಕಳಿಸಿದ 'ಹೆಸರಿನ ಸರಿಯಾದ ಬಳಕೆ' ಎಂಬ ಬಣ್ಣದ ಕೈಪಿಡಿಯನ್ನು ದಿಂಬಿನಡಿ ಇಟ್ಟುಕೊಂಡು ಓದಿದೆ. ಹೆಸರನ್ನು ಮೊಟಕು ಮಾಡಬಾರದೆಂದಿದೆ. ಅಂದಿನಿಂದ ನಾನು ಅವನನ್ನು 'ವೊಲ್ಮಿ' ಎಂದು ಕರೆಯುವುದನ್ನು ಬಿಟ್ಟಿದ್ದೇನೆ, ಎಂಥೆಂಥ ಸಂದರ್ಭದಲ್ಲಿ ಬಿಟ್ಟಿದ್ದೇನೆಂಬುದನ್ನು ಮಾತ್ರ ತಾವು ಕೇಳಬಾರದು. ಪ್ರತಿಸಲವೂ ಅದು ನೋಂದಾಯಿತ ಹೆಸರೆಂದು ಸ್ಪಷ್ಟಪಡಿಸಬೇಕೆಂದಿದೆ. "ನೋಂದಾಯಿತ ವೊಲ್ಮರೀನ್ ಅವರೇ, ಊಟಕ್ಕೆ ಬನ್ನಿ" ಎಂದು ಕೂಗಿದೆ, ಜಗಳಕ್ಕೆ ಕರೆಯುತ್ತಿದ್ದೇನೆಂದು ಹೆದರಿ ಅವನು ಬರಲೇ ಇಲ್ಲ. ಹೆಸರಿನ ಸುತ್ತ ನಾಲ್ಕೂ ಕಡೆ ಖಾಲಿ ಜಾಗವಿರಬೇಕು, ಬೇರೆ ಯಾವುದೂ ಅದನ್ನು ತಾಗಬಾರದು ಎಂದಿದೆ. ನಮ್ಮ ಮಂಚ ಸಣ್ಣದು ಮಾನ್ಯರೇ, ನಾನಂತೂ ಹೊಸ ಹೆಂಡತಿ, ಈ ಒಂದು ನಿಯಮದಿಂದ ವಿನಾಯಿತಿ ಕೋರುತ್ತೇನೆ. ಇಡೀ ಹೆಸರನ್ನು ಓರೆಯಾಗಿ ಇರಿಸಬಾರದೆಂದಿದೆ. ಭಾನುವಾರ ಅವನು ಜೋಲಿಯಲ್ಲಿ ಮಲಗುವುದೇ ಓರೆಯಾಗಿ. ತಿನ್ನುವ ಪದಾರ್ಥಗಳ ಮೇಲೆ ಹೆಸರು ಬಳಸಬಾರದೆಂದಿದೆ. ಮದುವೆಯ ಕೇಕಿನ ಮೇಲೆ ಅವನ ಹೆಸರೂ ನನ್ನ ಹೆಸರೂ ಇದ್ದವು, ನಡುವೆ ಒಂದು ಹೃದಯವೂ ಇತ್ತು. ಸಮಾಧಾನದ ಸಂಗತಿಯೆಂದರೆ ನಾಶಪಡಿಸಬೇಕಾದ ವಸ್ತುಗಳ ಪೈಕಿ ಅದೊಂದನ್ನು ಅತಿಥಿಗಳು ನೋಟಿಸಿನ ಗಡುವಿಗೆ ಬಹಳ ಮೊದಲೇ ಸಂಪೂರ್ಣವಾಗಿ ನಾಶಪಡಿಸಿದರು. ನೆರೆಯ್ದಾ ತಟ್ಟೆಯನ್ನೂ ನೆಕ್ಕಿದ್ದಕ್ಕೆ ಸಾಕ್ಷಿಗಳಿದ್ದಾರೆ.

ತಿಂಗಳು ಮುಗಿದ ಮರುದಿನ ತಮ್ಮ ಪರವಾಗಿ ರಾಜಧಾನಿಯಿಂದ ವಕೀಲರಾದ ಶ್ರೀ ಫ್ರೊಮೆತಾ ಅವರು ಬಂದರು. ಬೋರ್ಡು ಇಳಿದಿದೆಯೇ ಇಲ್ಲವೇ ಎಂಬುದರ ಫೋಟೋ ತೆಗೆದು ತಮಗೆ ಕಳಿಸುವುದು ಅವರ ಕೆಲಸ. ಅವರ ಫೈಲಿನ ಮೇಲೆ ತಮ್ಮ ಲಾಂಛನ ಕಂಡದ್ದೇ ತಡ, ಮಾವ ಎರಡೂ ಕೈ ಚಾಚಿ ಓಡಿದರು. "ಕೊನೆಗೂ ಬಂದ್ರಲ್ಲ ಸ್ವಾಮೀ! ಮದ್ವೆ ಮುಗಿದ್ರೇನು, ಊಟ ಮುಗಿದಿಲ್ಲ. ಸುನಿಲ್ದಾ, ಹೆಸರಿನ ಕಡೆಯವ್ರು ಬಂದ್ರು, ಮೀನು ಹಾಕು!"

"ದೊನ್ ಎಲಿಹಿಯೋ, ನಾನು ಊಟಕ್ಕೆ ಬಂದೋನಲ್ಲ. ಆ ಬೋರ್ಡು..."

"ಬೋರ್ಡೆಲ್ಲಿ ಓಡಿಹೋಗುತ್ತೆ? ಮೀನಾದ್ರೆ ತಣ್ಣಗಾಗುತ್ತೆ. ಕೂತ್ಕೊಳ್ಳಿ."

ತಮ್ಮ ವಕೀಲರನ್ನು ತಾವು ಬೈಯಬಾರದು. ಅತ್ತೆ ತೆಂಗಿನ ಹಾಲಿನಲ್ಲಿ ಬೇಯಿಸುವ ಮೀನಿನ ವಾಸನೆಗೆ ಕೋರ್ಟೇ ಎದ್ದು ಬಂದರೂ ಆಶ್ಚರ್ಯವಿಲ್ಲ. ಅವರು ಕುಳಿತರು, ಎರಡು ಸಲ ಹಾಕಿಸಿಕೊಂಡರು, ಗೋಡೆಯ ಮೇಲೆ ಹೂ ಮುಡಿದ ತಮ್ಮ ನೋಟಿಸನ್ನು ಕಂಡು ಕೆಮ್ಮಿದರು. ಅಷ್ಟರಲ್ಲಿ ದೋಣಿ ನಿಲ್ಲುವ ಜೆಟ್ಟಿಯಲ್ಲಿದ್ದ ಅರ್ಧ ಊರು ಹಿತ್ತಲಿಗೆ ಬಂದಿತ್ತು. ಫ್ರೊಮೆತಾ ಅವರು ಕೈ ಒರೆಸಿಕೊಂಡು ಬಹಳ ತಾಳ್ಮೆಯಿಂದ ತಮ್ಮ ಕಂಪನಿಯ ಕಷ್ಟವನ್ನು ವಿವರಿಸಿದರು. "ಕಂಪನಿಗೆ ನಿಮ್ಮ ಹುಡುಗನ ಮೇಲೆ ದ್ವೇಷ ಏನಿಲ್ಲ. ಅವ್ರ ಭಯಾನೇ ಬೇರೆ. ನೀವೆಲ್ಲ ಯಾವ ಕಂಪನಿಯ ಮೋಟಾರಿಗಾದ್ರೂ ವೊಲ್ಮರೀನ್ ಅಂತೀರಿ. ಹೀಗೇ ಹೋದ್ರೆ ಆ ಹೆಸರು ಬೀದಿಯಲ್ಲಿ ಬಿದ್ದಿರೋ ಮಾತಾಗುತ್ತೆ, ಯಾರು ಬೇಕಾದ್ರೂ ಎತ್ಕೋಬೋದು. ಹೆಸರು ಕೇಳಿದ್ರೆ ಜನಕ್ಕೆ ಒಂದೇ ಒಂದು ನೆನಪಾಗ್ಬೇಕು, ಅದಕ್ಕೇ ಅವ್ರು ಎಲ್ಲಾ ಕಡೆ ಕಾವಲು ಕಾಯ್ತಾರೆ."

ನಾವೆಲ್ಲ ನಾಚಿ ತಲೆ ತಗ್ಗಿಸಿದೆವು. ತಮ್ಮ ಪ್ರತಿಸ್ಪರ್ಧಿಗಳ ಮೋಟಾರುಗಳನ್ನೂ ನಾವು ಹುಟ್ಟಿದಾಗಿನಿಂದ ತಮ್ಮ ಹೆಸರಿನಲ್ಲೇ ಕರೆದಿದ್ದೇವೆ, ತಮ್ಮ ಹೆಸರಿನಲ್ಲೇ ಬೈದಿದ್ದೇವೆ ಕೂಡ. ನೆರೆಯ್ದಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಯ್ಯೋ, ಇಷ್ಟೇನಾ? ಬೇರೆಯವ್ರ ಸಾಮಾನು ನಮಗ್ಯಾಕೆ, ವಾಪಸ್ ಕೊಟ್ಬಿಡೋಣ. ಇವತ್ತಿಂದ ಮೋಟಾರಿಗೆ ಯಾರಾದ್ರೂ ಆ ಹೆಸರು ಹೇಳಿದ್ರೆ ಅಲ್ಲಿದ್ದೋರಿಗೆಲ್ಲ ಅವ್ರೇ ಬಿಯರ್ ಕೊಡಿಸ್ಬೇಕು."

"ಮತ್ತೆ ಏನಂತ ಕರೆಯೋದು?" ಎಂದು ಯಾರೋ ಕೇಳಿದರು.

"ದೋಣಿ ಹಿಂದೆ ಅಲ್ಲಾಡ್ತಿರುತ್ತಲ್ಲ, ಬಾಲ ಅನ್ನು!"

ಹಿತ್ತಲೆಲ್ಲ ನಗುವಿನಲ್ಲಿ ಮುಳುಗಿದಾಗ ಫ್ರೊಮೆತಾ ಅವರು ನನ್ನ ಗಂಡನ ಗುರುತಿನ ಚೀಟಿ ಕೇಳಿ ನೋಡಿದರು. ನಲವತ್ತನ್ನು ಎರಡು ಸಲ ಓದಿದರು. ಆಮೇಲೆ ಬೋರ್ಡನ್ನೂ ಮಾವನ ಮುಖವನ್ನೂ ನೋಡಿ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದರು. "ಹುಟ್ಟಿದ ಹೆಸರು ಹಾಕ್ಕೊಳ್ಳೋದು ತಪ್ಪು ಅಂತ ನಾನು ಬರೆಯೋಕಾಗಲ್ಲಪ್ಪ. ಆದ್ರೆ ಕಂಪನಿಯವ್ರ ಅಂಗಡಿ ಅಂತ ಯಾರೂ ಮೋಸ ಹೋಗ್ಬಾರ್ದು, ಅಷ್ಟು ಏನಾದ್ರೂ ಮಾಡಿ. ತೀರ್ಮಾನ ಮೇಲಿನವ್ರದ್ದು" ಎಂದು ಹೇಳಿ, ಅತ್ತೆ ಕಟ್ಟಿಕೊಟ್ಟ ಮೀನಿನ ಪೊಟ್ಟಣದೊಂದಿಗೆ ಹೊರಟರು. ನನ್ನ ಗಂಡ ಅಂದೇ ಸಂಜೆ ಏಣಿ ಹತ್ತಿ ನೀಲಿಯನ್ನು ಹಸಿರು ಮಾಡಿದ, ಓರೆಯಾಗಿದ್ದ ಅಕ್ಷರಗಳನ್ನು ನೆಟ್ಟಗೆ ನಿಲ್ಲಿಸಿದ. ಕೆಳಗೆ ಒಂದು ಸಾಲು ಸೇರಿಸಿದ: 'ಇಲ್ಲಿ ವೊಲ್ಮರೀನ್ ಎಂದರೆ ಮನುಷ್ಯ'. ಮಾವ ಏಣಿ ಹಿಡಿದುಕೊಂಡಿದ್ದರು.

ಆ ತೀರ್ಮಾನ ಈಗ ತಮ್ಮ ಮೇಜಿನ ಮೇಲಿದೆ, ಆದ್ದರಿಂದ ಈ ಪತ್ರ. ಊರು ತನ್ನ ಮಾತು ಉಳಿಸಿಕೊಂಡಿದೆ ಎಂದು ತಿಳಿಸಲು ನನಗೆ ಅಪಾರ ಹರ್ಷವಾಗುತ್ತದೆ. ಬಿಯರಿನ ಭಯಕ್ಕೆ ಈಗ ಜೆಟ್ಟಿಯಲ್ಲಿ ಯಾರೂ ಮೋಟಾರಿಗೆ ತಮ್ಮ ಹೆಸರು ಹೇಳುವುದಿಲ್ಲ. "ನನ್ನ ಬಾಲ ಕೆಟ್ಟಿದೆ" ಎನ್ನುತ್ತಾರೆ, "ಹೊಸ ಬಾಲ ಕೊಳ್ಳಬೇಕು" ಎನ್ನುತ್ತಾರೆ, ಯಾವ ಕಂಪನಿಯ ಬಾಲವೆಂದು ಕೇಳಿದರೆ ಅಗ್ಗದ್ದು ಎನ್ನುತ್ತಾರೆ. ಹೆಸರು ಕೇಳಿದರೆ ಒಂದೇ ಒಂದು ನೆನಪಾಗಬೇಕೆಂದು ತಾವು ಬಯಸಿದಿರಿ, ಮಿಚೆಸ್‌ನಲ್ಲಿ ಅದು ಪೂರ್ಣವಾಗಿ ನೆರವೇರಿದೆ. ವೊಲ್ಮರೀನ್ ಎಂದರೆ ಈಗ ಇಲ್ಲಿ ಮಕ್ಕಳಿಗೂ ಮುದುಕರಿಗೂ ನೆನಪಾಗುವುದು ಒಂದೇ, ನನ್ನ ಗಂಡ. ತಮ್ಮ ಜಾಹೀರಾತಿನಿಂದಲೂ ಆಗದ ಈ ಕೆಲಸವನ್ನು ನಾವು ಪ್ರೀತಿಯಿಂದ ಮಾಡಿಕೊಟ್ಟಿದ್ದೇವೆ. ಬದಲಿಗೆ ಆ ಬೋರ್ಡನ್ನು ಅಲ್ಲೇ ಇರಲು ಬಿಟ್ಟರೆ ಒಬ್ಬ ಮುದುಕ ಆಲ್ತಾಗ್ರಾಸಿಯಾ ಮಾತೆಗೆ ಕೊಟ್ಟ ಮಾತಿನೊಂದಿಗೆ ನಿಶ್ಚಿಂತೆಯಿಂದ ದೋಣಿ ಹತ್ತುತ್ತಾನೆ. ನನಗಾದರೋ ಇಷ್ಟೇ ಸಾಕು: ನನ್ನ ಗಂಡನನ್ನು ಮತ್ತೆ 'ವೊಲ್ಮಿ' ಎನ್ನಲು ಒಂದು ಸಾಲಿನ ಅನುಮತಿ, ಸಾಧ್ಯವಾದರೆ ಅದೇ ದಪ್ಪ ಕಾಗದದಲ್ಲಿ.

ತಮ್ಮ ಹೆಸರಿಗೆ ಜೀವಮಾನವಿಡೀ ನಿಷ್ಠಳಾಗಿರುತ್ತೇನೆಂದು ಪಾದ್ರಿಗಳ ಮುಂದೆ ಪ್ರಮಾಣ ಮಾಡಿರುವ,
ಮಾಸ್ಸಿಯೆಲ್, ಶ್ರೀಮತಿ ವೊಲ್ಮರೀನ್ ಕ್ವಾರೆಂತಾ ಮೊರ್ಲಾ

ತಾ.ಕ.: ನಮ್ಮ ಮುಖ್ಯ ಬೀದಿಯಲ್ಲಿ ಮೊನ್ನೆ ತಮ್ಮ ಅಧಿಕೃತ ಮಾರಾಟ ಮಳಿಗೆ ತೆರೆದಿದೆ. ಕೈಪಿಡಿಯಲ್ಲಿರುವ ಹಾಗೆಯೇ ನೀಲಿ ಬಣ್ಣ, ಸುತ್ತಲೂ ಖಾಲಿ ಜಾಗ, ಒಳಗೂ ಖಾಲಿ ಜಾಗ. ಅತ್ತ ಹಾದುಹೋಗುವ ಮೀನುಗಾರರೆಲ್ಲ ಆ ಬೋರ್ಡನ್ನು ನೋಡಿ ನಮ್ಮ ವರ್ಕ್‌ಶಾಪಿಗೆ ಬಂದು, "ಏನಪ್ಪಾ, ಹೆಂಡತಿ ಬಂದ ಘಳಿಗೆ ಎರಡನೇ ಬ್ರ್ಯಾಂಚೂ ತೆಗೆದ್ಬಿಟ್ಯಾ?" ಎಂದು ನನ್ನ ಗಂಡನ ಬೆನ್ನು ತಟ್ಟುತ್ತಾರೆ. ಅವನು ಇದರಿಂದ ನೊಂದುಕೊಂಡಿಲ್ಲ, ವಕೀಲರನ್ನೂ ಹಿಡಿದಿಲ್ಲ. ತಮ್ಮ ಮಳಿಗೆ ಅವನ ಹೆಸರನ್ನು ಬಳಸಿಕೊಳ್ಳಲು ಅವನ ಅಭ್ಯಂತರವಿಲ್ಲವೆಂದು ತಿಳಿಸಲು ಹೇಳಿದ್ದಾನೆ. ಅವನದು ಒಂದೇ ಷರತ್ತು: ಗುಣಮಟ್ಟ ಕಾಪಾಡಿಕೊಳ್ಳಬೇಕು. ಈ ವರ್ಷದ ಮಾದರಿಗಳು ಸಾಲುಗಟ್ಟಿ ಅವನ ಬಳಿ ರಿಪೇರಿಗೆ ಬರುತ್ತಿರುವುದರಿಂದ ಅವನ ಹೆಸರು ಕೆಡುತ್ತಿದೆಯಂತೆ.